ಕಿವಿಯಲ್ಲಿ ಜೀರುಂಡೆ, ಮನಸ್ಸಿನಲ್ಲಿ ಫೋನು

(ಗುರುತು ಸಿಗಬಾರದೆಂದು ಊರು, ವಯಸ್ಸು, ಮನೆಯ ವಿವರ ಬದಲಿಸಿದ್ದೇನೆ.)

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು, ನಲವತ್ತೈದರ ಆಸುಪಾಸು. ಶಿವಮೊಗ್ಗಕ್ಕೆ ನನ್ನ ಬಳಿ ಆಪ್ತಸಮಾಲೋಚನೆಗೆ ಕರೆತಂದದ್ದು ಹೆಂಡತಿ. ಎರಡೂ ಕಿವಿಯಲ್ಲಿ ಸದಾ ಜೀರುಂಡೆ ಕೂಗಿದಂಥ ಸದ್ದು, ರಾತ್ರಿ ನಿದ್ದೆಯಿಲ್ಲ. ತಮ್ಮ ಫೋನನ್ನು ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಡುತ್ತಿದ್ದರು. ಪಿಯುಸಿ ಓದುವ ಮಗಳ ಮೊಬೈಲನ್ನೂ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು.

“ಮೇಡಂ, ಇದು ರೇಡಿಯೇಶನ್ನೇ. ನಂಗೂ ತಲೇಲಿ ಗಡ್ಡೆ ಬರ್ತದೆ.”

‘ನಂಗೂ’ ಅಂದರೆ? ಕೇಳಿದೆ. ಅವರ ಅಣ್ಣ ಹಿಂದಿನ ವರ್ಷ ಮಿದುಳಿನ ಗಡ್ಡೆಯಿಂದ ತೀರಿಕೊಂಡಿದ್ದರು. ಮಂಡಿ ವ್ಯವಹಾರದವರು, ಫೋನು ಕೆಳಗಿಟ್ಟವರಲ್ಲ. ಆಮೇಲೆ ವಾಟ್ಸಾಪಿನಲ್ಲಿ ಬಂದ ವಿಡಿಯೋಗಳು ಉಳಿದ ಕೆಲಸ ಮಾಡಿದ್ದವು.

ಮೊದಲು ಕಿವಿ, ಆಮೇಲೆ ಮಾತು ಎಂದು ಇಎನ್‌ಟಿ ವೈದ್ಯರಲ್ಲಿಗೆ ಕಳಿಸಿದೆ. ಆಡಿಯೋಗ್ರಾಂನಲ್ಲಿ, ಅಂದರೆ ಕಿವಿ ಎಷ್ಟು ಕೇಳುತ್ತದೆಂದು ತೋರಿಸುವ ನಕ್ಷೆಯಲ್ಲಿ, ಗೆರೆ 4000 ಹರ್ಟ್ಸ್‌ನ ಕೀರಲು ಸದ್ದಿನ ಹತ್ತಿರ ಎರಡೂ ಕಡೆ ಕುಸಿದಿತ್ತು. ಜೋರು ಸದ್ದಿನ ಪೆಟ್ಟು ತಿಂದ ಕಿವಿ ಸಾಮಾನ್ಯವಾಗಿ ತೋರಿಸುವ ಗುರುತು ಅದು. ತೋಟದ ಕೆಲಸ ವಿಚಾರಿಸಿದಾಗ ಸಿಕ್ಕಿತು: ವರ್ಷಗಳಿಂದ ಕಳೆ ಹೊಡೆಯುವ ಮಿಷನ್ನು ಹೆಗಲಿಗೆ, ಅದರ ಅಬ್ಬರ ಮೀರಲು ಕಿವಿಗೆ ಇಯರ್‌ಫೋನು, ಹಾಡು ಫುಲ್ ವಾಲ್ಯೂಮ್! 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದು ಎನ್ನುವುದು ಒಂದು ಲೆಕ್ಕ. ಮೇಲೆ ಮೂರು ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧಕ್ಕಿಳಿಯುತ್ತದೆ. ಫೋನು ಕಿವಿ ಕೆಡಿಸಿದ್ದು ನಿಜ, ಆದರೆ ಹಾಡಿನ ದಾರಿಯಲ್ಲಿ.

ರೇಡಿಯೇಶನ್ ಬಗ್ಗೆ ‘ಏನೂ ಇಲ್ಲ ಬಿಡಿ’ ಎಂದು ನಾನು ಹೇಳುವುದಿಲ್ಲ, ಅದನ್ನು ಹೆಂಡತಿ ದಿನಾ ಹೇಳಿ ಸೋತಿದ್ದರು. ಇದ್ದದ್ದು ಇದ್ದಂತೆ ಹೇಳಿದೆ. ಫೋನಿನ ಅಲೆಗೆ ಎಕ್ಸ್‌ರೇಯಂತೆ ಡಿಎನ್‌ಎ ಕತ್ತರಿಸುವ ಶಕ್ತಿ ಇಲ್ಲ, ಅಂಗಾಂಶ ತುಸು ಬಿಸಿಯಾಗಬಹುದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ಇದನ್ನು ‘ಕ್ಯಾನ್ಸರ್ ತರಬಹುದು’ ಎಂಬ ಅನುಮಾನದ 2ಬಿ ಗುಂಪಿಗೆ ಸೇರಿಸಿತು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ಪರಾಮರ್ಶೆಯಲ್ಲಿ ಮಿದುಳಿನ ಕ್ಯಾನ್ಸರಿಗೂ ಮೊಬೈಲಿಗೂ ನಂಟು ಕಾಣಲಿಲ್ಲ. ಅದೇ ಕ್ಯಾನ್ಸರ್ ಸಂಸ್ಥೆಯ ಖಚಿತ ಕಾರಣಗಳ ಒಂದನೇ ಗುಂಪಿನಲ್ಲಿ ತಂಬಾಕಿಲ್ಲದ ಕವಳವೂ (ಎಲೆ-ಅಡಿಕೆ) ಇದೆ ಎಂದಾಗ, ಬಾಯಲ್ಲಿ ಕವಳ ಇಟ್ಟುಕೊಂಡೇ ಕೂತಿದ್ದವರು ಮುಖ ಗಂಟಿಕ್ಕಿದರು. ಬೆಳೆಗಾರರ ಎದುರು ಆಡುವ ಮಾತಲ್ಲ, ಗೊತ್ತು. ಆದರೂ ಆಡಿದೆ.

ಸ್ಟೀಲ್ ಡಬ್ಬಿ ಬಿಡಿಸಿದೆ. ಸಿಗ್ನಲ್ ಸಿಗದ ಕಡೆ ಫೋನು ಟವರ್ ಹುಡುಕುತ್ತ ಹೆಚ್ಚು ಶಕ್ತಿ ಸುರಿಯುತ್ತದೆ. ಮಲೆನಾಡಿನ ಕಣಿವೆ ಮನೆಗಳಲ್ಲಿ ನಿಜವಾಗಿ ಗಮನಿಸಬೇಕಾದದ್ದು ಇದು: ಒಂದೇ ಕಡ್ಡಿ ಇದ್ದಾಗ ಕಿವಿಗೊತ್ತಿ ಮಾತಾಡಬೇಡಿ, ಸ್ಪೀಕರ್ ಹಾಕಿ, ಅಥವಾ ಸಿಗ್ನಲ್ ಇರುವ ಜಾಗಕ್ಕೆ ಹೋಗಿ. ಮಿಷನ್ನು ಹಿಡಿಯುವಾಗ ಕಿವಿಗೆ ಸದ್ದು ತಡೆಯುವ ಮಫ್ ಬೇಕೇ ಬೇಕು, ಅದರೊಳಗೆ ಹಾಡು ಬೇಡ. ರಾತ್ರಿ ನಿಶ್ಶಬ್ದದಲ್ಲಿ ಕಿವಿಯ ಸದ್ದನ್ನೇ ಆಲಿಸುತ್ತ ಮಲಗುವ ಬದಲು ಫ್ಯಾನೋ ರೇಡಿಯೋವೋ ಮೆಲ್ಲಗೆ ಓಡಲಿ. ವಿಡಿಯೋ ಹುಡುಕಾಟ ನಿಲ್ಲಲಿ. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಮಾತ್ರ ಅದೇ ದಿನ ವೈದ್ಯರ ಬಳಿ ಹೋಗಬೇಕು, ಎರಡು ವಾರ ಕಳೆದರೆ ಔಷಧಿಯ ಫಲ ಕಡಿಮೆ.

ಹೆಂಡತಿಗೊಂದು ಮಾತು: ಅವರು ‘ಗಡ್ಡೆ ಇದೆಯೇನೇ?’ ಎಂದು ಕೇಳಿದಷ್ಟು ಸಲವೂ ಸಮಾಧಾನ ಹೇಳಬೇಡಿ. ‘ಇದನ್ನು ಮೇಡಂ ಹತ್ತಿರ ಮಾತಾಡುವಾ’ ಎಂದು ಕೆಲಸಕ್ಕೆ ಎಳೆಯಿರಿ.

ಉಳಿದದ್ದು ಅಣ್ಣನ ವಿಷಯ. ತಿಥಿ ಮುಗಿದಂದಿನಿಂದ ಮನೆಯಲ್ಲಿ ಯಾರೂ ಅವರ ಹೆಸರೆತ್ತಿರಲಿಲ್ಲವಂತೆ. ನಾಲ್ಕು ಭೇಟಿ ಅದಕ್ಕೇ ಹೋದವು. ಸದ್ದು ಪೂರ್ತಿ ನಿಂತಿಲ್ಲ, ನಿದ್ದೆ ಬರುತ್ತಿದೆ. ಮಗಳ ಮೊಬೈಲು ಬೀರುವಿನಿಂದ ಹೊರಬಂದಿದೆ. ಮುಂದಿನ ಸಲ ಅತ್ತಿಗೆಯನ್ನೂ ಕರೆತರುವುದಾಗಿ ಹೇಳಿದ್ದಾರೆ.