ಪುಣೆಯಲ್ಲಿ ಜೋಳದ ರೊಟ್ಟಿ ಯಾಕೆ ಒಡೆಯುತ್ತದೆ?

ಪುಣೆಗೆ ಬಂದ ಮೇಲೆ ರೊಟ್ಟಿ ಬಡಿಯುವಾಗ ಅಂಚು ಒಡೆಯುತ್ತಿದೆ, ಊರಿನ ರುಚಿಯೂ ಇಲ್ಲ, ಇಲ್ಲಿನ ನೀರಿನ ದೋಷವಾ ಅಂತ ಕೇಳಿದ್ದೀರಿ. ನೀರನ್ನು ಬಿಡಿ. ನಿಮ್ಮ ಹಿಟ್ಟು ಮುಂಗಾರಿ ಜೋಳದ್ದೋ ಹಿಂಗಾರಿ ಜೋಳದ್ದೋ, ಮೊದಲು ಅದನ್ನು ವಿಚಾರಿಸಿ. ನಾನು ವಿಜಯಪುರದ ಕಡೆಯವನು, ಇರುವುದು ಪುಣೆಯ ಹಡಪಸರದಲ್ಲಿ, ಮನೆಯಲ್ಲಿ ದಿನಾ ರೊಟ್ಟಿಯೇ ಆಗಬೇಕು.

ಮುಂಗಾರಿ ಜೋಳದ ತೆನೆ ಬಲಿಯುವ ಹೊತ್ತಿಗೆ ಇನ್ನೂ ಮಳೆ ಇರುತ್ತದೆ. ತೆನೆ ನೆನೆದರೆ ಬೂಸ್ಟು ಹಿಡಿಯುತ್ತದೆ, ಕಾಳು ಕಪ್ಪಾಗುತ್ತದೆ, ಅಂಥ ಹಿಟ್ಟಿನ ರೊಟ್ಟಿ ಚೆನ್ನಾಗಿ ಬರುವುದಿಲ್ಲ. ಹಿಂಗಾರಿಯದ್ದು ಹಾಗಲ್ಲ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಎರೆ ಹೊಲಕ್ಕೆ, ಅಂದರೆ ಕಪ್ಪು ಮಣ್ಣಿನ ಹೊಲಕ್ಕೆ ಬಿತ್ತಿದರೆ, ಆಮೇಲೆ ಮಳೆ ಬರಲಿ ಬಿಡಲಿ, ಮಣ್ಣು ಹಿಡಿದಿಟ್ಟ ತೇವದಲ್ಲೇ ಚಳಿಗಾಲ ಕಳೆದು ಒಣ ಬಿಸಿಲಲ್ಲಿ ಕಾಳು ಬಲಿಯುತ್ತದೆ. ಅದಕ್ಕೇ ಅದು ಅಷ್ಟು ಬೆಳ್ಳಗೆ, ಹೊಳಪಾಗಿ ಇರುವುದು. ಅಂಗಡಿಯವರು ಮಾಲದಂಡಿ ಅನ್ನುತ್ತಾರಲ್ವಾ, ಹಿಂಗಾರಿಯ ಆ ಎಂ 35-1 ತಳಿಯನ್ನು ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ ಊರ ಜೋಳದಿಂದಲೇ ಆರಿಸಿ ತೆಗೆದದ್ದು.

1964ರಲ್ಲಿ ಸಿಎಸ್‌ಎಚ್-1 ಅನ್ನೋ ಹೈಬ್ರಿಡ್ ಜೋಳ ಬಂತು. ಗಿಡ ಕುಳ್ಳ, ಇಳುವರಿ ಜಾಸ್ತಿ. ಆಗ ದೇಶದಲ್ಲಿ ಕಾಳಿನ ಕೊರತೆ ಇತ್ತು, ಒಪ್ಪುತ್ತೇನೆ. ಆದರೆ ಇಳುವರಿ ನೋಡಿದವರು ರೊಟ್ಟಿ ನೋಡಲಿಲ್ಲ, ದನಕ್ಕೆ ಮೇವಾಗುವ ಜೋಳದ ದಂಟು, ಕಣಿಕೆಯನ್ನೂ ನೋಡಲಿಲ್ಲ. ಮುಂಗಾರಿ ಹೈಬ್ರಿಡ್ ಕಾಳು ಈಗ ಬಹಳಷ್ಟು ಕೋಳಿ ಮೇವಿಗೇ ಹೋಗುತ್ತದೆ.

ಮಾಲದಂಡಿ ದುಬಾರಿ ಯಾಕೆ ಅಂದರೆ, ಸೋಲಾಪುರದ ಕಡೆಯ ಉಜನಿ ಅಣೆಕಟ್ಟು 1980ರಲ್ಲಿ ಮುಗಿದ ಮೇಲೆ ಭೀಮೆಯ ನೀರು ಸಿಕ್ಕ ಕಡೆ ಕಬ್ಬು ಬಂತು. ನೀರಿಲ್ಲದ ಹೊಲದಲ್ಲಿ ಜೋಳ ಉಳಿಯಿತು, ಆದರೆ ಅದನ್ನು ಬೇರುಸಹಿತ ಕೈಯಲ್ಲೇ ಕೀಳಬೇಕು, ಆಳು ಸಿಗುವುದಿಲ್ಲ, ಸುಮ್ನೆ ಕಡಲೆ ಬಿತ್ತಿದರೆ ಮಷಿನ್ ಬಂದು ಕೊಯ್ದು ಹೋಗುತ್ತದೆ. ಸರ್ಕಾರವೂ ರೇಷನ್ನಿಗೆ ಅಕ್ಕಿ, ಗೋಧಿ ಕೊಂಡ ಹಾಗೆ ಜೋಳ ಕೊಳ್ಳಲಿಲ್ಲ. ರೈತರನ್ನು ಹೇಗೆ ದೂರುವುದು ಹೇಳಿ?

ನೀವು ಪೊಟ್ಟಣದ ಹಿಟ್ಟು ಬಿಡಿ. ಗುಲ್ಟೇಕಡಿ ಮಾರ್ಕೆಟ್ ಯಾರ್ಡಿಗೆ ಹೋಗಿ ಕಾಳು ನೋಡಿ ತನ್ನಿ, ಮಾರ್ಚ್-ಏಪ್ರಿಲ್‌ನಲ್ಲಿ ಹೊಸ ಮಾಲು ಇರುತ್ತದೆ. ರೇಟು ಜಾಸ್ತಿ ಅಂತ ಹಿಂಜರಿಯಬೇಡಿ, ಅದು ಮಳೆ ನಂಬಿ ಬಿತ್ತಿದವರಿಗೆ ಸಲ್ಲಬೇಕಾದ ದುಡ್ಡು. ಗಿರಣಿಯಲ್ಲಿ ಸ್ವಲ್ಪ ಸ್ವಲ್ಪವೇ ಬೀಸಿಸಿ, ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ. ಕಲಸುವಾಗ ನೀರು ಚೆನ್ನಾಗಿ ಕುದಿದಿರಲಿ. ಜೋಳದಲ್ಲಿ ಗೋಧಿಯ ಅಂಟು ಇರುವುದಿಲ್ಲ, ಕುದಿಯುವ ನೀರು ಬಿದ್ದರೆ ಹಿಟ್ಟು ಚೆನ್ನಾಗಿ ಹಿಡಿದುಕೊಳ್ಳುತ್ತದೆ.