ಕಂಪನಿ ಕಡೆ ನಿಲ್ಲೋಕೆ ಯಾರೂ ಒಪ್ತಿಲ್ಲ ಸರ್

ಪ್ರಶ್ನೆ: ಸರ್, ಶ್ರೀರಂಗಪಟ್ಟಣದ ಪಕ್ಕದ ಹಳ್ಳಿಯವ್ರು ನಾವು, 14 ಜನ ಹುಡುಗ್ರು. ಯುರೋಪಲ್ಲಿ ವಾಟರ್‌ಲೂ ಯುದ್ಧಾನ ಹಳೇ ಕಾಲದ ಡ್ರೆಸ್ ಹಾಕ್ಕೊಂಡು ಮತ್ತೆ ಆಡಿ ತೋರಿಸ್ತಾರಲ್ಲ, ಆ ಥರ ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿ ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆ ಹಾಕಿದ 1799ರ ಮೇ 4ರ ಕಾಳಗ ಮಾಡ್ಬೇಕು ಅಂತ ಆಸೆ. ಆದ್ರೆ ಎಲ್ರಿಗೂ ಟಿಪ್ಪು ಕಡೆನೇ ಬೇಕು, ಕಂಪನಿ ಕಡೆ ನಿಲ್ಲೋಕೆ ಒಬ್ಬನೂ ಒಪ್ತಿಲ್ಲ. ಕತ್ತಿ ಎಲ್ಲಿ ಸಿಗುತ್ತೆ, ಕೋಟೆ ಒಳಗೇ ಮಾಡ್ಬೋದಾ, ರಾಕೆಟ್ ಹೇಗೆ ತೋರ್ಸೋದು?

ಉತ್ತರ: ನಿಮ್ಮ ಪತ್ರ ಓದಿ ನಂಗೆ ತುಂಬಾ ಖುಷಿ ಆಯ್ತು ಕಣ್ರಪ್ಪ. ಮೊದಲು ಕಂಪನಿ ಕಡೆ ವಿಷ್ಯ ಮಾತಾಡೋಣ, ಯಾಕಂದ್ರೆ ಅದು ಇತ್ಯರ್ಥ ಆಗ್ದೆ ಬೇರೇದೇನೂ ಆಗಲ್ಲ. ಆ ಕಡೆ ಇದ್ದವ್ರೆಲ್ಲ ಬಿಳಿಯರು ಅನ್ಕೊಂಡಿದೀರಾ? ಕಂಪನಿ ಸೈನ್ಯದಲ್ಲಿ ಹೆಚ್ಚಿನವ್ರು ಈ ನೆಲದ ಸಿಪಾಯಿಗಳೇ, ಜೊತೆಗೆ ನಿಜಾಮನ ಸೈನ್ಯ ಬೇರೆ. ಯಾವ್ದೋ ಹಳ್ಳಿಯಿಂದ ಸಂಬಳಕ್ಕೆ ಅಂತ ಬಂದು, ಮೇ ತಿಂಗಳ ಮಟಮಟ ಮಧ್ಯಾಹ್ನ ಬಂಡೆ ಮೇಲೆ ಜಾರ್ಕೊಂಡು ಕಾವೇರಿ ದಾಟಿ, ಒಡೆದ ಗೋಡೆ ಹತ್ತಿದ ಒಬ್ಬ ಸಿಪಾಯಿನ ಆಡೋದು ಅವಮಾನ ಅಲ್ಲ, ನಿಜ ಹೇಳ್ಬೇಕು ಅಂದ್ರೆ ಅದೇ ಕಷ್ಟದ ಪಾತ್ರ. ಚೀಟಿ ಎತ್ತಿ, ಪ್ರತಿ ಸಲ ಕಡೆ ಬದಲಾಯಿಸ್ಕೊಳಿ.

ಆದ್ರೆ 14 ಜನ ಸೇರಿ ಕೋಟೆ ಲಗ್ಗೆ ಮಾಡಿದ್ರೆ ಎರಡು ಟೀಮಿನ ಕಬಡ್ಡಿ ಥರ ಕಾಣುತ್ತೆ ಅಷ್ಟೆ. ನನ್ ಮಾತು ಕೇಳೋದಾದ್ರೆ ಶುರು ಮಾಡೋಕೆ ಚಿನಕುರಳಿ ಕಾಳಗ ತಗೊಳ್ಳಿ, ಆ ಊರು ನಿಮ್ ಪಕ್ಕದ ಪಾಂಡವಪುರ ತಾಲ್ಲೂಕೇ. 1771ರ ಮಾರ್ಚಲ್ಲಿ ಹೈದರಾಲಿ ಮೇಲುಕೋಟೆಯಿಂದ ರಾತ್ರೋರಾತ್ರಿ ಸೈನ್ಯ ಕಟ್ಕೊಂಡು ಶ್ರೀರಂಗಪಟ್ಟಣದ ಕಡೆ ಹೊರಟ, ಮರಾಠರ ತ್ರಿಂಬಕರಾವ್ ಬೆನ್ನತ್ತಿದ, ಮೋತಿ ತಲಾಬ್ ಅಂತ ಕರೀತಿದ್ದ ತೊಣ್ಣೂರು ಕೆರೆ ಆಸುಪಾಸಲ್ಲಿ, ಚಿನಕುರಳಿ ಹತ್ರ, ಹೈದರನ ಸೈನ್ಯ ದಿಕ್ಕಾಪಾಲಾಯ್ತು. ಸೋತ ಯುದ್ಧ ಅಂತ ಯಾರೂ ನೆನೆಸ್ಕೊಳಲ್ಲ, ನಂಗೆ ಅದು ತುಂಬಾ ಬೇಜಾರು. ಇದ್ರಲ್ಲಿ ಮುಖ್ಯವಾದ್ದು ಕತ್ತಿವರಸೆ ಅಲ್ಲ, ನಡಿಗೆ. ನಾವು ನಾಲ್ಕು ಜನ ಒಂದ್ಸಲ ಬೆನ್ನಿಗೆ 10 ಕೆಜಿ ರಾಗಿ ಮೂಟೆ ಕಟ್ಕೊಂಡು, ಎಕ್ಕಡ ಹಾಕ್ಕೊಂಡು ಮೇಲುಕೋಟೆ ಬೆಟ್ಟ ಇಳಿದು ತೊಣ್ಣೂರು ತನಕ ನಡೆದ್ವಿ. ಅರ್ಧ ದಾರಿಗೇ ಹೆಬ್ಬೆರಳ ಸಂದೀಲಿ ಚರ್ಮ ಕಿತ್ತೋಯ್ತು, ಮಾತು ನಿಂತೋಯ್ತು, ಕೆರೆ ನೀರು ಕಂಡಾಗ ಸಾಲಾಗಿ ಬರ್ತಿದ್ದವ್ರು ಸಾಲು ಬಿಟ್ಟು ಓಡಿದ್ವಿ. ಸೈನ್ಯ ಹೆಂಗೆ ಚೆಲ್ಲಾಪಿಲ್ಲಿ ಆಗುತ್ತೆ ಅನ್ನೋದು ನಂಗೆ ಆವತ್ತು ಅರ್ಥ ಆಗಿದ್ದು, ಅದೂ ಬೆನ್ನ ಹಿಂದೆ ಒಂದು ಕುದುರೆನೂ ಇಲ್ದೆ. ನೀವು ಹಗಲೇ ನಡೀರಿ, ಈಗ ಅದು ಲಾರಿ ಓಡಾಡೋ ರಸ್ತೆ.

ಕತ್ತಿ ಬೇಡ. 9 ಇಂಚಿಗಿಂತ ಉದ್ದದ ಅಲಗಿನ ಆಯುಧ ಆರ್ಮ್ಸ್ ಆಕ್ಟ್ ಲೆಕ್ಕಕ್ಕೆ ಬರುತ್ತೆ, ಸುಮ್ನೆ ಪೊಲೀಸ್ ಸ್ಟೇಷನ್ ಅಲೀಬೇಡಿ. ಬಿದಿರು ಕೋಲು ಸಾಕು, ಆದ್ರೆ ಅದನ್ನೂ ಹಗುರವಾಗಿ ತಗೋಬೇಡಿ. ನಮ್ ಅಭ್ಯಾಸದಲ್ಲಿ ಒಂದು ಕೋಲು ಸೀಳಿ, ಸಿಬಿರು ಗೆಳೆಯನ ಅಂಗೈ ಒಳಗೆ ಹೋಗಿ ಕೂತ್ಕೊಂಡು ಮೂರು ಹೊಲಿಗೆ ಆಯ್ತು. ಆಮೇಲಿಂದ ಕೋಲಿಗೆ ಪೂರ್ತಿ ಬಟ್ಟೆ ಸುತ್ತಿ ಮೇಲೆ ಟೇಪ್ ಹಾಕ್ತೀವಿ, ಪ್ರತಿ ಸುತ್ತಿಗೂ ಮುಂಚೆ ಬುಡದಿಂದ ತುದಿ ತನಕ ಅಮುಕಿ ನೋಡ್ತೀವಿ, ಎಲ್ಲಾದ್ರೂ ಮೆತ್ತಗೆ ಬಗ್ಗಿತು ಅಂದ್ರೆ ಆ ಕೋಲು ಒಲೆಗೆ. ಏಟು ಹೆಚ್ಚಾಗಿ ಬೀಳೋದು ಬೆರಳಿಗೇ, ಹಂಗಾಗಿ ಕ್ರಿಕೆಟ್ ಗ್ಲೌಸ್, ಹೆಲ್ಮೆಟ್ ಇಲ್ದೆ ಯಾರನ್ನೂ ಇಳಿಸ್ಬೇಡಿ. ತಲೆಗೆ, ಕುತ್ತಿಗೆಗೆ ಬೀಸೋ ಹಂಗಿಲ್ಲ.

ಕೋಟೆ ಪುರಾತತ್ವ ಇಲಾಖೆದು, ಅನುಮತಿ ಇಲ್ದೆ ಅಲ್ಲಿ ಯಾವ ಕಾರ್ಯಕ್ರಮನೂ ಆಗಲ್ಲ. ಕೊಯ್ಲಾದ ಗದ್ದೆ ಇದ್ರೆ ಸಾಕಲ್ವಾ. ಹೊಳೆಗಂತೂ ಇಳೀಲೇಬೇಡಿ, ಮೇಲೆ ಕೆಆರ್‌ಎಸ್ ಇದೆ, ನೀರು ಯಾವಾಗ ಬಿಡ್ತಾರೋ.

ರಾಕೆಟ್‌ಗೆ ಮದ್ದು ತುಂಬೋ ಯೋಚನೆ ಬಿಟ್ಬಿಡಿ. ಮೈಸೂರು ರಾಕೆಟ್ಟಿನ ಗುಟ್ಟು ಇದ್ದಿದ್ದು ಕಬ್ಬಿಣದ ಕೊಳವೇಲಿ, ಒಳಗೆ ಒತ್ತಡ ಜಾಸ್ತಿ ತಡ್ಕೊಳ್ತಿತ್ತು, ಅದಕ್ಕೇ ಅಷ್ಟು ದೂರ ಹೋಗ್ತಿದ್ದಿದ್ದು, ಹಿಂದೆ ಉದ್ದದ ಬಿದಿರು ಕಟ್ಟಿರ್ತಿದ್ರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಅನ್ನೋ ಊರಿನ ಒಂದು ಹಾಳು ಬಾವೀಲಿ ಇಂಥವು ಸಾವಿರಕ್ಕೂ ಜಾಸ್ತಿ ಸಿಕ್ವು. ನೀವು ರಟ್ಟಿನ ಕೊಳವೆಗೆ ಬಿದಿರು ಕಟ್ಟಿ ಒಬ್ಬ ಹುಡುಗನ ಕೈಗೆ ಕೊಟ್ಟು ಓಡ್ಸಿ, ನೋಡೋರಿಗೆ ಅರ್ಥ ಆಗುತ್ತೆ. ಡ್ರೆಸ್ಸಿಗೆ ಶ್ರೀರಂಗಪಟ್ಟಣದಲ್ಲಿರೋ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ಗೋಡೆ ಮೇಲಿನ 1780ರ ಪೊಳ್ಳಿಲೂರು ಯುದ್ಧದ ಚಿತ್ರ ನೋಡಿ, ಕಂಪನಿ ಸೈನ್ಯದ ಕರ್ನಲ್ ಬೇಲಿ ಗಾಯ ಆಗಿ ಪಲ್ಲಕ್ಕೀಲಿ ಕೂತಿದಾನೆ, ಸುತ್ತ ಚೌಕಾಕಾರವಾಗಿ ಅವನ ಸೈನ್ಯ, ಮಧ್ಯೆ ಮದ್ದಿನ ಬಂಡಿ ಸಿಡೀತಿದೆ. ಪೇಟ ಸುತ್ತಿರೋ ರೀತಿ, ಸೊಂಟದ ಪಟ್ಟಿ ಎಲ್ಲಾ ಹತ್ರ ನಿಂತು ನೋಡಿ ಬರ್ಕೊಳಿ. ಆ ಚಿತ್ರಾನ ಆಮೇಲೆ ಮತ್ತೆ ಬಣ್ಣ ಹಾಕಿ ಸರಿ ಮಾಡಿದಾರೆ, ಅದೊಂದನ್ನೇ ನಂಬಿ ಬಟ್ಟೆ ಹೊಲಿಸ್ಬೇಡಿ.

ಪ್ರಶ್ನೆ: ದಸರಾದಲ್ಲಿ ವಜ್ರಮುಷ್ಟಿ ಕಾಳಗ (ಮುಷ್ಟಿಗೆ ಮೊನಚಾದ ಆಯುಧ ತೊಟ್ಕೊಂಡು ಆಡೋ ಕುಸ್ತಿ) ನೋಡಿ ಬಂದಾಗಿಂದ ನನ್ ಮಗ ಅದನ್ನೇ ಆಡ್ತೀನಿ ಅಂತಾನೆ. ಇದೂ ಮೇಲಿನ ಥರದ ಹವ್ಯಾಸನೇನಾ? (ಮೈಸೂರಿನ ಒಬ್ಬ ತಾಯಿ)

ಉತ್ತರ: ಇಲ್ಲ ತಾಯಿ, ಅದು ಆಟ ಅಲ್ಲ, ನಟನೆನೂ ಅಲ್ಲ. ವಿಜಯದಶಮಿ ದಿನ ಅರಮನೇಲಿ ಜಟ್ಟಿ ಮನೆತನದವ್ರು ತಲೆ ಬೋಳಿಸ್ಕೊಂಡು ಹರಕೆ ಥರ ಮಾಡೋದು, ರಕ್ತ ಕಂಡ ತಕ್ಷಣ ನಿಲ್ಲುತ್ತೆ. ಆ ರಕ್ತ ನಿಜ. ಮನೇಲಿ ಅನುಕರಿಸೋಕೆ ಖಂಡಿತ ಬಿಡ್ಬೇಡಿ. ಅವನ ಆಸೆ ಗಟ್ಟಿ ಇದ್ರೆ ಮೈಸೂರಲ್ಲಿ ಗರಡಿ ಮನೆಗಳಿಗೇನು ಕಮ್ಮಿನಾ, ಬೆಳಿಗ್ಗೆ ಕರ್ಕೊಂಡು ಹೋಗಿ ಉಸ್ತಾದರ ಕೈಗೆ ಒಪ್ಪಿಸಿ, ಮೊದಲು ಕೆಮ್ಮಣ್ಣು ಹದ ಮಾಡೋದು ಕಲೀಲಿ.