ಇಂಟರ್‌ನ್ಯಾಷನಲ್ ಶಾಲೆ ಬಿಟ್ಟ ಟೀಚರ್‌ಗಳ ಬದುಕು ಆಮೇಲೆ ಹೇಗಿರುತ್ತದೆ?

ನಾನು ಬೆಂಗಳೂರಿನ ಒಂದು ಐಬಿ (ಅಂತಾರಾಷ್ಟ್ರೀಯ ಪಠ್ಯಕ್ರಮದ) ಶಾಲೆಯಲ್ಲಿ 9 ವರ್ಷ ಗಣಿತ ಕಲಿಸಿದೆ. ಅವ್ವನ ಆರೋಗ್ಯ ಕೆಟ್ಟಾಗ ಕೆಲಸ ಬಿಟ್ಟು ವಿಜಯಪುರಕ್ಕೆ ಬಂದೆ. ಈಗ ಮನೆಯಲ್ಲೇ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ.

ಆದಾಯ ಕಡಿಮೆಯಾಯಿತು, ನಿಜ. ಆದರೆ ಜಾಸ್ತಿ ಕಷ್ಟವಾಗಿದ್ದು ಭಾಷೆ. ಬಾಯಿಗೆ ‘ರೇಡಿಯಸ್’, ‘ಪ್ರಾಬಬಿಲಿಟಿ’ ಬರುತ್ತಿತ್ತು. ಕನ್ನಡ ಮಾಧ್ಯಮದ ಮಕ್ಕಳ ಪುಸ್ತಕದಲ್ಲಿ ತ್ರಿಜ್ಯ, ಸಂಭವನೀಯತೆ. ರಾತ್ರಿ ಕೂತು ಆ ಪುಸ್ತಕಗಳನ್ನು ಮೊದಲಿಂದ ಓದಿದೆ.

ಹಳೆಯ ಶಾಲೆಯ ಕಲಿಕೆ ವ್ಯರ್ಥವಾಗಲಿಲ್ಲ. ಸೂತ್ರಕ್ಕಿಂತ ಮೊದಲು ಪ್ರಶ್ನೆ ಹುಟ್ಟಬೇಕು ಅನ್ನುವುದನ್ನು ಅಲ್ಲೇ ಕಲಿತಿದ್ದು. ಮಕ್ಕಳನ್ನು ಗೋಲಗುಮ್ಮಟಕ್ಕೆ ಕರೆದುಕೊಂಡು ಹೋದೆ. ಮೇಲಿನ ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. “ಅಕ್ಕೋರ, ಇಷ್ಟಕ್ಕೆಲ್ಲಾ ಸುಣ್ಣ ಬಳಿಯಾಕ ಎಷ್ಟ ಬೇಕರಿ?” ಅಂತ ಒಬ್ಬಳು ಕೇಳಿದಳು. ಅರ್ಧಗೋಳ ಅಂದುಕೊಂಡು ಲೆಕ್ಕ ಹಾಕಿದೆವು. ಸುಮಾರು 3,042 ಚದರ ಮೀಟರ್ ಬಂತು. ಆ ದಿನ ನನಗಾದ ಖುಷಿ ಹೇಳಲಾರೆ!

ನೀವೂ ಕೆಲಸ ಬಿಡುವವರಿದ್ದರೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಸಂಸ್ಥೆ ಕೊಡಬೇಕಾದ ಇಡಿಗಂಟು) ಕೇಳಿ ಪಡೆಯಿರಿ. ಸತತ 5 ವರ್ಷ ದುಡಿದಿದ್ದರೆ ಖಾಸಗಿ ಶಾಲೆಯ ಟೀಚರ್‌ಗೂ ಅದು ಹಕ್ಕು. ಪ್ರತಿ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ. 2022ರಲ್ಲಿ ಸುಪ್ರೀಂ ಕೋರ್ಟ್ ಟೀಚರ್‌ಗಳ ಈ ಹಕ್ಕನ್ನು ಎತ್ತಿ ಹಿಡಿದಿದೆ. ಎಷ್ಟೋ ಜನ ಸಂಕೋಚಕ್ಕೆ ಸುಮ್ನೆ ಬಿಟ್ಟುಬಿಡುತ್ತಾರೆ, ಅದು ನನಗೆ ನೋವಿನ ಸಂಗತಿ. ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋಗುವ ಮನಸ್ಸಿದ್ದರೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಬರೆಯಿರಿ. ಒಮ್ಮೆ ಪಾಸಾದರೆ ಆ ಸರ್ಟಿಫಿಕೇಟ್ ಜೀವನಪೂರ್ತಿ ನಡೆಯುತ್ತದೆ.